ಬೇಲಿ ಕೇಳಿದ ಮಾತು

ಸ್ಕಾಲ್‌ಹೋಮ್ ದ್ವೀಪದಲ್ಲಿ ಜೂನ್ ತಿಂಗಳ ಮಳೆಗೆ ಕತ್ತಲೆಯ ಹಂಗಿಲ್ಲ. ಊಟ ಮುಗಿದು, ಪಾತ್ರೆ ತೊಳೆದು ಬೋರಲು ಹಾಕಿದ ಮೇಲೂ ಆಕಾಶವು ಹಳೆಯ ತವರದ ತಟ್ಟೆಯಂತೆ ಮಂಕಾಗಿ ಹೊಳೆಯುತ್ತಲೇ ಇರುತ್ತದೆ. ದೆವ್ವದ ಕತೆ ಹೇಳುವವರಿಗೆ ಇದೊಂದು ದೊಡ್ಡ ಅನನುಕೂಲ. ಬೇರೆ ಕಡೆ ಅರ್ಧ ಕೆಲಸವನ್ನು ಕತ್ತಲೆಯೇ ಮಾಡಿಕೊಡುತ್ತದೆ. ಇಲ್ಲಿ ಪೂರ್ತಿ ಕೆಲಸವನ್ನು ಬಾಯಿಯೇ ಮಾಡಬೇಕು.

ಆ ಸಂಜೆ ಪಡುವಣ ಗಾಳಿ ಎದ್ದು, ಸ್ವೆನ್‌ಬೋರ್ ಪಟ್ಟಣಕ್ಕೆ ಹೋಗುವ ಕೊನೆಯ ದೋಣಿಯನ್ನು ಬಂದರಿನಲ್ಲೇ ಕಟ್ಟಿಹಾಕಿದ್ದರು. ಎದುರಿಗಿದ್ದ ಥೋರ್ವಲನ ಹೋಟೆಲಿನಲ್ಲಿ ಕೆಲವರು ಹೋಗಲಾರದೆ ಉಳಿದಿದ್ದರು, ಕೆಲವರು ಹೋಗಲು ಮನಸ್ಸಿಲ್ಲದೆ ಉಳಿದಿದ್ದರು. ನಾನು ಎರಡನೆಯ ಗುಂಪಿನವನು. ಈ ದ್ವೀಪದ ಶಾಲೆಯಲ್ಲಿ ಇಪ್ಪತ್ತು ವರ್ಷ ಪಾಠ ಹೇಳಿ ನಿವೃತ್ತನಾಗಿದ್ದರೂ ನನ್ನನ್ನು ಇನ್ನೂ ‘ಹೊಸ ಮೇಷ್ಟ್ರು’ ಎಂದೇ ಕರೆಯುತ್ತಾರೆ. ಹಳೆಯ ಮೇಷ್ಟ್ರು ತೀರಿಕೊಂಡು ಬಹಳ ಕಾಲವಾಯಿತು. ಆದರೆ ಊರಿನವರ ಲೆಕ್ಕದಲ್ಲಿ ಅವರ ಜಾಗ ಇನ್ನೂ ಖಾಲಿಯಾಗಿಲ್ಲ.

ಹೋಗಲಾರದೆ ಉಳಿದವರು ಕೋಪನ್‌ಹೇಗನ್ನಿನ ಹಲ್ಲಿನ ವೈದ್ಯ ಪ್ರೆಬೆನ್ ಮತ್ತು ಅವನ ಹೆಂಡತಿ ವಿಬೆಕೆ. ಓಣಿಯ ಕೊನೆಯಲ್ಲಿ, ಸಮುದ್ರದ ಅಂಚಿಗೆ, ಬೇಸಿಗೆ ಕಳೆಯಲೆಂದು ಅವರು ಒಂದು ಪುಟ್ಟ ಮನೆ ಕೊಂಡಿದ್ದರು. ಅದನ್ನು ನೋಡಿಕೊಂಡು ಸಂಜೆಗೆ ಹಿಂದಿರುಗಬೇಕೆಂದು ಬೆಳಗಿನ ದೋಣಿಯಲ್ಲಿ ಬಂದಿದ್ದರು. ಆ ಮನೆಗೆ ಇನ್ನೂ ಸಾಮಾನು ಬಂದಿರಲಿಲ್ಲವಾದ್ದರಿಂದ ರಾತ್ರಿಗೆ ಥೋರ್ವಲನ ಮಹಡಿಯ ಕೋಣೆ ಹಿಡಿದಿದ್ದರು. ವಿಬೆಕೆ ಬಸುರಿ, ಕುರ್ಚಿಯನ್ನು ಮೇಜಿನಿಂದ ಒಂದು ಗೇಣು ಹಿಂದೆ ಸರಿಸಿಕೊಂಡು ಕೂರುವಷ್ಟು ಬಸುರಿ. ಅವಳ ಮುಂದೆ, ಥೋರ್ವಲನ ಬಿಯರ್ ಹೂಜಿಯಲ್ಲಿ, ಒಂದು ಹೊರೆ ಹುಲ್ದ ಹೂವು, ಇಲ್ಲಿನ ಬೇಲಿಗಳಲ್ಲೆಲ್ಲ ಬೆಳೆಯುವ ಪೊದೆಯದು. ಅಂಗೈ ಅಗಲದ ಗೊಂಚಲುಗಳು, ಒಂದೊಂದರಲ್ಲೂ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿಯ ನಕ್ಷತ್ರಗಳು. ಈ ಹೂವಿನ ಪರಿಮಳ ಮೊದಲು ಜೇನಿನದು. ಕೋಣೆಯ ಬಾಗಿಲು ಮುಚ್ಚಿ ಅರ್ಧ ಗಂಟೆ ಕಳೆದರೆ ಬೆಕ್ಕಿನದು.

ಪ್ರೆಬೆನ್ನನದು ದೊಡ್ಡ ದನಿ. ಎದುರಿನವರ ಬಾಯಿ ತೆರೆಸಿಟ್ಟು ಮಾತಾಡುವ ಕಸುಬಿನವರಿಗೆ ಎದುರುತ್ತರ ಕೇಳಿ ಅಭ್ಯಾಸವಿರುವುದಿಲ್ಲ.

“ಸಮುದ್ರ ಕಾಣ್ಲಿ ಅಂತ ಮನೆ ತಗೊಂಡಿದ್ದು ಸ್ವಾಮಿ,” ಎಂದ. “ಕಿಟಕಿ ತೆಗೆದ್ರೆ ಬರೀ ಬೇಲಿ! ಆಳೆತ್ತರ ಪೊದೆ, ಅದರ ಮೇಲೆ ಬಳ್ಳಿ ಬೇರೆ. ಬೆಳಿಗ್ಗೆಯಿಂದ ಗರಗಸ ಹಿಡಿದು ಅರ್ಧ ಬೇಲಿ ಮಲಗಿಸಿದೀನಿ. ಈಗ ನೋಡಿ, ಹಾಸಿಗೆಯಿಂದಲೇ ಹಡಗು ಎಣಿಸಬಹುದು.”

“ಕೇಳಿ ಕಡಿದ್ರಿ ತಾನೇ?” ಎಂದ ಥೋರ್ವಲ್, ಒರೆಸಿದ ಲೋಟವನ್ನೇ ಮತ್ತೆ ಒರೆಸುತ್ತ.

“ನೀನು ಹೇಳಿಕೊಟ್ಟ ಹಾಗೇ ಮಾರಾಯ. ಟೋಪಿ ತೆಗೆದೆ. ಮಂಡಿ ಊರಿದೆ. ಮೂರು ಸಲ ಕೂಗಿ ಕೇಳಿದೆ: ‘ಹುಲ್ದವ್ವಾ, ಹುಲ್ದವ್ವಾ, ನಿನ್ನ ಮರ ನನಗೆ ಕೊಡು, ನನ್ನದು ಬೆಳೆದ ಮೇಲೆ ನಿನಗೆ ಕೊಡ್ತೀನಿ!’ ಹೆಂಡತಿ ನಕ್ಕು ನಕ್ಕು ಹುಲ್ಲಿನ ಮೇಲೆ ಕೂತುಬಿಟ್ಳು.”

“ಅವ್ವ ಏನಂದ್ಳು?” ಬೆಸ್ತರ ಕ್ನೂದ್ ಕೇಳಿದ.

“ಒಂದು ಮಾತಿಲ್ಲ. ಥೇಟು ನನ್ನ ಪೇಷೆಂಟುಗಳ ಹಾಗೆ.”

ಎಲ್ಲರೂ ನಕ್ಕೆವು. ಹುಲ್ದದ ಪೊದೆಯಲ್ಲಿ ಒಬ್ಬ ಅವ್ವ ಇರುತ್ತಾಳೆ, ಕೇಳದೆ ಅವಳ ರೆಂಬೆ ಮುರಿಯಬಾರದು ಎಂಬುದನ್ನು ಇಲ್ಲಿ ಯಾರೂ ನಂಬುವುದಿಲ್ಲ. ಕೇಳದೆ ಯಾರೂ ಮುರಿಯುವುದೂ ಇಲ್ಲ. ಮೂರು ಸಲ ಕೇಳಬೇಕು. ಬೇಡವೆಂಬ ದನಿ ಬಾರದಿದ್ದರೆ ಒಪ್ಪಿದಳೆಂದು ಅರ್ಥ. ಮೌನವೇ ಸಮ್ಮತಿ ಎಂಬುದು ಬೇರೆ ಕಡೆ ಬರೀ ಗಾದೆ, ಇಲ್ಲಿ ಕಾನೂನು.

ಒಲೆಯ ಪಕ್ಕದಲ್ಲಿ ಅಬೆಲೋನಜ್ಜಿ ಕೂತಿದ್ದಳು. ಥೋರ್ವಲನ ಹೋಟೆಲಿಗೆ ಹುಲ್ದ ಹೂವಿನ ಪಾನಕದ ಬಾಟಲಿಗಳನ್ನು ಕೊಡಲು ಬಂದವಳು, ಮಳೆಗೆ ಸಿಕ್ಕಿ ಕಾಫಿ ಕುಡಿಯುತ್ತಿದ್ದಳು. ಪ್ರೆಬೆನ್ನನ ಮನೆಯ ಪಕ್ಕದ ಮನೆ ಅವಳದು. ನಡುವೆ ಇದ್ದದ್ದು ಆ ಬೇಲಿ. ವಯಸ್ಸು ಎಂಬತ್ತು ದಾಟಿದೆ. ಬಾಯಲ್ಲಿ ಎಲ್ಲ ಹಲ್ಲೂ ಇವೆ, ಹಾಗಾಗಿ ವೈದ್ಯರ ಬಗ್ಗೆ ವಿಶೇಷ ಗೌರವವಿಲ್ಲ. ಬಟ್ಟಲು ಕೆಳಗಿಟ್ಟು, ಸಾವಕಾಶವಾಗಿ ಕೇಳಿದಳು:

“ಹಂಗಾದ್ರೆ ಡಾಕ್ಟ್ರೇ, ನಿಮ್ಮದು ಬೆಳೆದ ಮೇಲೆ ಕೊಡ್ತೀರಾ?”

“ನನ್ನದೇನಜ್ಜೀ ಬೆಳೆಯೋದು? ಹಿತ್ತಲಲ್ಲಿ ಒಂದು ಮೂಲಂಗಿನೂ ನೆಟ್ಟಿಲ್ಲ!” ಎಂದು ಪ್ರೆಬೆನ್ ನಕ್ಕ. ನಗುವಿನ ಕೊನೆ ಗಂಟಲಲ್ಲಿ ಕೊಂಚ ಕೆರೆಯಿತು.

“ಅದು ಉತ್ತರ ಅಲ್ಲ,” ಎಂದಳು ಅಜ್ಜಿ, ಯಾವ ಕೋಪವೂ ಇಲ್ಲದೆ.

ಕ್ನೂದ್ ತನ್ನ ಕುರ್ಚಿಯನ್ನು ಗೋಡೆಯ ಕಡೆಗೆ ಸರಿಸಿದ. ವಿಬೆಕೆಗೆ ಕುತೂಹಲ ಹತ್ತಿತ್ತು. “ಏನೋ ಕತೆ ಇದೆ ಅಲ್ವಾ ಅಜ್ಜೀ? ಹೇಳಿ. ಹೇಗೂ ದೋಣಿ ಇಲ್ಲ.”

“ಕತೆ ಅಲ್ಲ ಕಣಮ್ಮಾ,” ಎಂದು ಅಬೆಲೋನಜ್ಜಿ ಕಾಲನ್ನು ಒಲೆಯ ಕಡೆ ಚಾಚಿದಳು. ಮಳೆ ಕಿಟಕಿಯ ಗಾಜಿನ ಮೇಲೆ ಸಣ್ಣ ಕಲ್ಲೆಸೆದಂತೆ ಬೀಳುತ್ತಿತ್ತು. “ಆದ್ರೂ ಹೇಳ್ತೀನಿ...

“ಆ ಬೇಲಿ ಮೊದಲು ಸಿಸೆಲ್‌ದು. ನಿನ್ನ ಗಂಡ ಇವತ್ತು ಕಡಿದಿದ್ದು ಅದರ ಮೊಮ್ಮಗು ಅಂತ ಇಟ್ಕೋ. ಆಗ ಓಣಿ ಕೊನೆಯಿಂದ ನೀರಿನ ಅಂಚಿನವರೆಗೂ ಒಂದೇ ಬೇಲಿ, ಹುಲ್ದದ ಮೇಲೆ ಆಡೆಲೆ ಅನ್ನೋ ಹೂಬಳ್ಳಿ ಹತ್ತಿ, ಬಳ್ಳಿ ಮೇಲೆ ಮತ್ತೆ ಹುಲ್ದ ಹಾಯ್ದು, ಜೂನ್ ಬಂತು ಅಂದ್ರೆ ಎಲೆ ಅನ್ನೋದೇ ಕಾಣ್ತಿರಲಿಲ್ಲ, ಬರೀ ಬಿಳುಪು... ಮೀನಿಗೆ ಹೋದೋರು ಮಂಜಿನಲ್ಲಿ ದಿಕ್ಕು ತಪ್ಪಿದ್ರೆ ಹುಟ್ಟು ಹಾಕೋದು ನಿಲ್ಲಿಸಿ ಮೂಗೆತ್ತಿ ಕೂರ್ತಿದ್ರಂತೆ. ಯಾವ ಕಡೆಯಿಂದ ವಾಸನೆ ಬಂತೋ ಆ ಕಡೆ ಊರು. ಸಿಸೆಲ್ ಗಂಡ ಒಬ್ಬ ಮಾತ್ರ ಆ ವಾಸನೆ ಹಿಡಿದು ವಾಪಸ್ ಬರಲಿಲ್ಲ. ಅವನು ಹೋಗಿದ್ದು ಚಳಿಗಾಲದಲ್ಲಿ... ಆಗ ಹೂ ಎಲ್ಲಿಂದ ಬರ್ಬೇಕು, ಹೇಳಿ?

“ಅವಳಿಗೆ ಉಳಿದಿದ್ದು ಆ ಮನೆ, ಆ ಬೇಲಿ, ಮತ್ತೆ ಅವಳ ಬಾಯಿ. ಬಾಯಿ ಅಂದ್ರೆ ಎಂಥ ಬಾಯಿ ಅಂತೀರಿ! ಬಂದರಿನಲ್ಲಿ ನಿಂತು ಬೈದ್ರೆ ಆಚೆ ದಡದಲ್ಲಿ ನಾಯಿ ಬಾಲ ಮುದುರ್ತಿತ್ತು. ಪಾದ್ರಿ ತಪ್ಪು ಹಾಡಿದ್ರೆ ಕೂತಲ್ಲಿಂದಲೇ ತಿದ್ದೋಳು. ಊರಿಗೆ ಜ್ವರ ಬಂದ್ರೆ ಅವಳದೇ ಹೂವಿನ ಕಷಾಯ. ಕುಡಿಸೋವಾಗ ಬೈಗುಳ ಬೇರೆ, ಬಿಟ್ಟಿ. ಟೆರ್ಕೆಲ್ ಅಂತ ಒಬ್ಬ ದೊಡ್ಡ ರೈತ ಇದ್ದ, ಊರಿನಲ್ಲಿ ಎಲ್ಲರಿಗಿಂತ ಜಾಸ್ತಿ ಕುದುರೆ ಇದ್ದೋನು. ದಡದಿಂದ ಕಡಲಹುಲ್ಲು ಹೇರಿಕೊಂಡು ಬರೋಕೆ, ಅದೇ ಹಾಸಿಗೆಗೆ ತುಂಬ್ತಾರಲ್ಲ ಅದು, ಅವನಿಗೆ ನೇರ ಗಾಡಿದಾರಿ ಬೇಕಾಗಿತ್ತು. ನೇರ ದಾರಿಗೆ ಅಡ್ಡ ಇದ್ದಿದ್ದು ಸಿಸೆಲ್ ಮನೆ. ಒಂದ್ಸಲ ಹೋಗಿ ಕೇಳಿದ. ಅವಳು ಕೊಟ್ಟ ಉತ್ತರಕ್ಕೆ ಗಾಡಿಯ ಕುದುರೆನೂ ನಾಚಿಕೊಳ್ತಂತೆ.

“ಆಮೇಲೆ ಒಂದು ವಸಂತದಲ್ಲಿ ಅವಳಿಗೆ ಗಂಟಲು ಬಾತುಕೊಳ್ತು. ಜ್ವರ ಬಿಡ್ತು, ಬಾವು ಇಳೀತು... ದನಿ ಮಾತ್ರ ಬರ್ಲಿಲ್ಲ. ಊರಿಗೆಲ್ಲ ಕಷಾಯ ಕುಡಿಸಿದೋಳಿಗೆ ಯಾರಾದ್ರೂ ಒಂದು ಲೋಟ ಕಷಾಯ ತಂದುಕೊಟ್ರಾ? ಇಲ್ಲ. ಊರು ಏನಂತು ಗೊತ್ತಾ? ‘ಅಬ್ಬ, ಈ ಬೇಸಿಗೆ ಕಿವಿಗೆ ರಜ’ ಅಂತು. ನಗಬೇಡ ಕ್ನೂದ್, ಅದನ್ನ ಅಂದಿದ್ದು ನಿನ್ನ ಅಜ್ಜ.

“ಟೆರ್ಕೆಲ್ ಮಾತ್ರ ನಗಲಿಲ್ಲ. ಅದೇ ವಾರ ಊರಸಭೆ ಕರೆಸಿದ.”

ಥೋರ್ವಲ್ ಅಜ್ಜಿಯ ಬಟ್ಟಲಿಗೆ ಕಾಫಿ ಸುರಿದ. ಅವಳು ಅದನ್ನು ತಟ್ಟೆಗೆ ಬಗ್ಗಿಸಿ, ಹಲ್ಲಿನ ನಡುವೆ ಸಕ್ಕರೆಯ ತುಂಡು ಕಚ್ಚಿಕೊಂಡು ಸೊರ್ರೆಂದು ಹೀರಿದಳು. ಹಲ್ಲಿನ ವೈದ್ಯನ ಮುಖವನ್ನು ಗಮನಿಸಿ ಇನ್ನೊಂದು ತುಂಡನ್ನೂ ಕಚ್ಚಿಕೊಂಡಳು.

“ಚರ್ಚಿನ ಪಕ್ಕ ದುಂಡಗೆ ಕಲ್ಲುಗಳಿವೆ ನೋಡಿ, ಈಗ ಕ್ನೂದ್ ಬಲೆ ಒಣಗಹಾಕ್ತಾನಲ್ಲ, ಅದೇ ಸಭೆ. ಮನೆಗೊಂದು ಕಲ್ಲು. ಊರ ಯಜಮಾನ ನಡುವೆ ನಿಂತು ವಿಷಯ ಹೇಳ್ತಾನೆ, ಮೂರು ಸಲ ಕೇಳ್ತಾನೆ: ಯಾರದಾದ್ರೂ ಅಡ್ಡಿ ಇದೆಯಾ? ಯಾವ ಕಲ್ಲಿನ ಮೇಲಿಂದಾದ್ರೂ ಸರಿ, ಒಂದು ‘ಬೇಡ’ ಬಂದ್ರೆ ಅಲ್ಲಿಗೆ ಮುಗೀತು. ಯಾರ ಜಮೀನೋ ಅವರೇ ಹೇಳ್ಬೇಕು ಅಂತಿಲ್ಲ, ಇದನ್ನ ಚೆನ್ನಾಗಿ ಕೇಳಿಸಿಕೊಳ್ಳಿ ಮೇಷ್ಟ್ರೇ, ಅಲ್ಲಿ ಕೂತಿರೋ ಯಾವ ಬಾಯಿಂದ ಬಂದ್ರೂ ನಡೀತಿತ್ತು. ಬರದಿದ್ರೆ... ಊರು ಒಪ್ಪಿತು ಅಂತ.

“ಸಿಸೆಲ್ ಕತ್ತಿಗೆ ಉಣ್ಣೆಬಟ್ಟೆ ಸುತ್ಕೊಂಡು ಬಂದು ಗಂಡನ ಕಲ್ಲಿನ ಮೇಲೆ ಕೂತ್ಳು. ಯಜಮಾನ, ಅದೇ ಕ್ನೂದನ ಅಜ್ಜ, ಕೇಳಿದ: ಸಿಸೆಲ್ ಮನೆ ತೆಗೆದು ದಾರಿ ಮಾಡೋಕೆ ಯಾರದಾದ್ರೂ ಅಡ್ಡಿ ಇದೆಯಾ? ಅವಳು ಬಾಯಿ ತೆಗೆದ್ಳು. ಕಮ್ಮಾರನ ತಿದಿ ತೂತಾದ್ರೆ ಬರುತ್ತಲ್ಲ, ಆ ಥರ ಬರೀ ಗಾಳಿ. ಎರಡನೇ ಸಲ ಕೇಳಿದ. ಅವಳು ಎದ್ದು ನಿಂತು ತಲೆ ಅಲ್ಲಾಡಿಸಿದ್ಳು, ಎಷ್ಟು ಜೋರಾಗಿ ಅಂದ್ರೆ ತಲೆವಸ್ತ್ರ ಬಿಚ್ಚಿ ಬಿತ್ತು, ಕೈ ಬೀಸಿದ್ಳು, ಎದೆ ಗುದ್ದಿಕೊಂಡ್ಳು. ಯಜಮಾನ ಏನಂದ ಗೊತ್ತಾ? ‘ತಲೆ ಗಾಳಿಗೂ ಅಲ್ಲಾಡುತ್ತೆ ಸಿಸೆಲ್. ಬಾಯಲ್ಲಿ ಹೇಳು.’ ಒಂದಿಬ್ಬರು ನಕ್ಕರು. ಅವಳು ಆಗ ಒಂದೊಂದೇ ಕಲ್ಲಿನ ಕಡೆ ತಿರುಗಿದ್ಳು... ಇವನ ಮಗೂಗೆ ಕಷಾಯ ಕುಡಿಸಿದ್ದೆ, ಇವನ ತಾಯಿ ಸಾಯೋವಾಗ ನಾನೇ ಕೂತಿದ್ದೆ... ಒಬ್ಬೊಬ್ಬನ ಮುಖಾನೂ ನೋಡಿದ್ಳು. ಅವರು? ಅವರೆಲ್ಲ ತಮ್ಮ ತಮ್ಮ ಮರದ ಕೆರ ನೋಡ್ಕೊಂಡ್ರು. ಉಳುಮೆಗೆ ಟೆರ್ಕೆಲನ ಕುದುರೆ ಬೇಕಲ್ಲ! ಮೂರನೇ ಸಲ ಕೇಳಿದ. ಎಷ್ಟು ನಿಶ್ಶಬ್ದ ಆಯ್ತು ಅಂದ್ರೆ ಬೇಲಿಯಲ್ಲಿ ಜೇನು ಗುಂಯ್ಗುಡೋದು ಅಲ್ಲಿಗೇ ಕೇಳಿಸ್ತಿತ್ತಂತೆ.

“ಹೂ ಪೂರ್ತಿ ಅರಳಿದ್ದಾಗಲೇ ಟೆರ್ಕೆಲ್ ಕೊಡಲಿ ತಗೊಂಡು ಬಂದ. ಜನ ನೋಡೋಕೆ ನಿಂತಿದ್ರು. ಅವನು ಪದ್ಧತಿ ಬಿಡೋ ಮನುಷ್ಯ ಅಲ್ಲ. ಥೇಟು ನಿಮ್ಮ ಹಾಗೇ ಡಾಕ್ಟ್ರೇ, ಟೋಪಿ ತೆಗೆದ, ಮಂಡಿ ಊರಿದ, ಮೂರು ಸಲ ಕೇಳಿದ: ನಿನ್ನ ಮರ ನನಗೆ ಕೊಡು, ನನ್ನದು ಬೆಳೆದ ಮೇಲೆ ನಿನಗೆ ಕೊಡ್ತೀನಿ. ಆಮೇಲೆ ಕಿವಿಗೆ ಕೈ ಹಚ್ಚಿ, ‘ನೋಡಿ, ಹುಲ್ದವ್ವನೂ ಸಿಸೆಲ್ ಥರಾನೇ, ಬಾಯೇ ಬಿಡ್ತಿಲ್ಲ’ ಅಂದ. ಜನ ನಕ್ಕಿದ್ದು ಬಂದರಿನ ತನಕ ಕೇಳಿಸ್ತು. ಸಿಸೆಲ್ ಬೇಲಿಯ ಬುಡದಲ್ಲೇ ಕೂತಿದ್ಳು. ಕಡಿದ ಹೂವೆಲ್ಲ ಅವಳ ಮೈಮೇಲೆ ಬೀಳ್ತಿತ್ತು, ಬಿದ್ದು ಬಿದ್ದು ಕೊನೆಗೆ ಅವಳೆಲ್ಲಿ ಹೂವೆಲ್ಲಿ ಅಂತ ಗೊತ್ತಾಗದ ಹಾಗೆ...”

ಅಜ್ಜಿ ತಟ್ಟೆ ಕೆಳಗಿಟ್ಟಳು. ಪ್ರೆಬೆನ್ನನ ಕಡೆ ತಿರುಗಿ, ಉಪ್ಪು ಕೇಳುವವಳಂತೆ ಕೇಳಿದಳು:

“ನಿಮ್ಮದು ಬೆಳೆದ ಮೇಲೆ ಕೊಡ್ತೀರಾ, ಡಾಕ್ಟ್ರೇ?”

ಪ್ರೆಬೆನ್ ಏನೋ ಹೇಳಹೊರಟು ಕೆಮ್ಮಿದ. ಕೆಮ್ಮು ಹಿಡಿದುಕೊಂಡಿತು, ಕಣ್ಣಲ್ಲಿ ನೀರು ಬಂತು. ವಿಬೆಕೆ ಅವನ ಬೆನ್ನು ತಟ್ಟಿದಳು. “ಇಡೀ ದಿನ ಆ ಹೂವಿನ ಧೂಳು ಕುಡಿದಿದಾನೆ. ಹೇಳಿದ್ರೆ ಕೇಳಲ್ಲ.” ಥೋರ್ವಲ್ ಕಳೆದ ವರ್ಷದ ಹುಲ್ದ ಹಣ್ಣಿನ ರಸವನ್ನು ಬಿಸಿಮಾಡಿ ತಂದಿಟ್ಟ. ಗಂಟಲಿಗೆ ಅದಕ್ಕಿಂತ ಒಳ್ಳೆಯ ಮದ್ದು ಈ ದ್ವೀಪದಲ್ಲಿಲ್ಲ. ಪ್ರೆಬೆನ್ ಕುಡಿದು, “ಚೆನ್ನಾಗಿದೆ” ಎಂದ. ಆ ದನಿ ಪಕ್ಕದ ಕೋಣೆಯಿಂದ ಬಂದಂತಿತ್ತು.

ವಿಬೆಕೆಗೆ ಸೊಂಟ ನೋಯುತ್ತಿತ್ತು. “ನಾನು ಮಲಗ್ತೀನಿ. ಮಿಕ್ಕಿದ್ದು ನೀನು ಕೇಳಿಸ್ಕೊಂಡು ಬಾ,” ಎಂದು ಗಂಡನ ತಲೆ ನೇವರಿಸಿ, ಹೂವಿನ ಹೂಜಿಯನ್ನು ಎದೆಗವಚಿಕೊಂಡು ಮಹಡಿಯ ಮೆಟ್ಟಿಲು ಹತ್ತಿದಳು. ಪರಿಮಳ ಅವಳ ಹಿಂದೆಯೇ ಹೋಗಬೇಕಿತ್ತು. ಹೋಗಲಿಲ್ಲ.

“ಹೂ ತಗೊಂಡು ಹೋದ್ಳಾ? ಒಳ್ಳೇದೇ ಆಯ್ತು,” ಎಂದಳು ಅಬೆಲೋನಜ್ಜಿ. “ಎಲ್ಲಿದ್ದೆ ನಾನು... ಹಾಂ. ಸಿಸೆಲ್‌ನ ತಗೊಂಡು ಹೋಗಿ ಚರ್ಚಿನ ಹಿಂದೆ ಗತಿಯಿಲ್ಲದೋರ ಕೋಣೆಯಲ್ಲಿ ಹಾಕಿದ್ರು. ಕಟಾವಿಗೆ ಮುಂಚೇನೇ ಸತ್ತಳು. ಮಣ್ಣು ಮಾಡೋವಾಗ ಯಾರಾದ್ರೂ ನಾಲ್ಕು ಒಳ್ಳೆ ಮಾತಾಡ್ಬೇಕಲ್ಲ? ಅಲ್ಲೂ ಎಲ್ಲರೂ ಕೆರ ನೋಡ್ಕೊಂಡೇ ನಿಂತಿದ್ರು. ಮನೆ ಕೆಡವಿದ್ರು, ಗಾಡಿದಾರಿ ಆಯ್ತು. ಆದ್ರೆ ಹುಲ್ದ ಕಡಿದ್ರೆ ಸಾಯುತ್ತಾ ಮೇಷ್ಟ್ರೇ? ಸಾಯಲ್ಲ, ಸಿಟ್ಟಾಗುತ್ತೆ. ಮುಂದಿನ ಬೇಸಿಗೆಗೆ ಮೋಟಿನಿಂದ ಆಳೆತ್ತರ ಚಿಗುರು ಎದ್ದು, ದಾರಿಯ ಎರಡೂ ಕಡೆ ಮತ್ತೆ ಬಿಳುಪು.

“ಅಷ್ಟೊತ್ತಿಗೆ ಟೆರ್ಕೆಲನ ಹೆಂಡತಿ ಬಸುರಿ. ಬಹಳ ವರ್ಷ ಕಾದಿದ್ದ ಬಸಿರು. ಒಂದು ಸಂಜೆ ಅವನು ಕಡಲಹುಲ್ಲು ಹೇರ್ಕೊಂಡು ಬರ್ತಿದ್ದಾಗ ಕುದುರೆಗಳು ತಟ್ಟನೆ ನಿಂತವು. ಚಿಗುರಿನ ಒಳಗಿಂದ ಒಂದು ದನಿ... ಪಿಸುಮಾತು ಅಂದ್ಕೊಂಡ್ರಾ? ಅಲ್ಲಪ್ಪಾ! ಬಂದರಿನಲ್ಲಿ ನಿಂತು ಆಚೆ ದಡದ ನಾಯಿ ಹೆದರಿಸ್ತಿದ್ದ ದನಿ. ಊರಿಗೂರೇ ಕೇಳಿಸ್ಕೊಳ್ತು. ಅಡುಗೆ ಮಾಡೋರು ಸೌಟು ಹಿಡ್ಕೊಂಡು ಹಾಗೇ ನಿಂತ್ರು. ‘ಟೆರ್ಕೆಲ್, ನಿನ್ನದು ಬೆಳೆದ ಮೇಲೆ ಕೊಡ್ತೀಯಾ?’ ಬೈಗುಳ ಇಲ್ಲ, ಶಾಪ ಇಲ್ಲ. ಬರೀ ಒಂದು ಪ್ರಶ್ನೆ.

“ಇಲ್ಲ ಅಂದುಬಿಟ್ಟಿದ್ರೆ ಮುಗೀತಿತ್ತು. ಪದ್ಧತಿ ಅಂದ್ರೆ ಪದ್ಧತಿ, ಅವಳೂ ಮೀರ್ತಿರಲಿಲ್ಲ. ಟೆರ್ಕೆಲ್ ಬಾಯಿ ತೆಗೆದ... ತೂತಾದ ತಿದಿ. ಬರೀ ಗಾಳಿ.

“ಪಟ್ಟಣದ ವೈದ್ಯರು ಹೂವಿನ ಧೂಳು ಅಂದ್ರು. ನಿಮ್ಮೋರು ಎಲ್ಲಕ್ಕೂ ಒಂದು ಹೆಸರಿಡ್ತಾರೆ, ಒಳ್ಳೇದು. ಹೂ ಉದುರಿ ಕಾಯಿ ಕಟ್ಟಿದ ಕೂಡ್ಲೇ ಅವನಿಗೆ ದನಿ ವಾಪಸ್ ಬಂತು. ಆಮೇಲೆ ಇಡೀ ಚಳಿಗಾಲ ಅವನು ಮಾಡಿದ್ದೇನು? ದಿನಾ ಹೋಗಿ ಆ ಬೋಳು ಕಡ್ಡಿಗಳ ಮುಂದೆ ನಿಂತು ‘ಇಲ್ಲ! ಇಲ್ಲ! ಇಲ್ಲ!’ ಅಂತ ಕಿರುಚೋದು. ಹೆಂಗಸರು ಮಕ್ಕಳನ್ನ ಒಳಗೆ ಕರ್ಕೊಳ್ತಿದ್ರು. ಕೇಳದೇ ಇರೋವಾಗ ಕೊಟ್ಟ ಉತ್ತರ ಉತ್ತರಾನಾ, ನೀವೇ ಹೇಳಿ? ಬೇರಿಗೆ ಬೆಂಕಿ ಇಟ್ಟ, ಉಪ್ಪು ಸುರಿದ. ಹಲಗೆ ಮೇಲೆ ಟಾರಿನಲ್ಲಿ ದೊಡ್ಡದಾಗಿ ‘ಇಲ್ಲ’ ಅಂತ ಬರೆಸಿ ಬೇಲಿಗೆ ಮೊಳೆ ಹೊಡೆದ. ಸಿಸೆಲ್‌ಗೆ ಓದೋಕೆ ಬರ್ತಿರಲಿಲ್ಲ.

“ಎರಡನೇ ಜೂನ್. ತೊಟ್ಟಿಲಲ್ಲಿ ಹೆಣ್ಣುಮಗು. ಮೊಗ್ಗು ಕಂಡ ಕೂಡಲೇ ಟೆರ್ಕೆಲ್ ಪಟ್ಟಣಕ್ಕೆ ಓಡಿಹೋಗಿ, ಕಲ್ಲು ಹಾಸಿ ಗೋಡೆ ಕಟ್ಟಿದ ಬೀದಿಯ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದ, ಒಂದು ಹುಲ್ಲುಕಡ್ಡಿನೂ ಇಲ್ಲದ ಕಡೆ. ಆದ್ರೆ ಹುಲ್ದ ಎಲ್ಲಿ ಬೆಳೆಯಲ್ಲ? ಆ ಹೋಟೆಲಿನ ಕಕ್ಕಸಿನ ಹಿಂದೆ ಒಂದು ಪೊದೆ ಇತ್ತು... ಪಾಪ, ಅವನು ಒಳಗೆ ಕೂತಿದ್ದಾಗಲೇ ಕೇಳ್ತಂತೆ.”

ಕ್ನೂದ್ ನಗಲು ಹೋಗಿ ನಿಲ್ಲಿಸಿದ. ಪ್ರೆಬೆನ್ ನಗಲಿಲ್ಲ. ಅವನು ಗಂಟಲನ್ನು ಎರಡು ಬೆರಳಿನಿಂದ ಹಿಡಿದುಕೊಂಡು, ರೋಗಿಯ ಗಂಟಲನ್ನು ಪರೀಕ್ಷಿಸುವವನಂತೆ, ಮೆಲ್ಲಗೆ ಅದುಮಿ ನೋಡಿಕೊಳ್ಳುತ್ತಿದ್ದ.

“ಮೂರನೇ ಜೂನಿಗೆ ಟೆರ್ಕೆಲ್ ಓಡಿಹೋಗಲಿಲ್ಲ. ಮಗು ನಡೀತಿತ್ತು, ಅವನ ಬೆರಳು ಹಿಡ್ಕೊಂಡು ಕೊಟ್ಟಿಗೆ ತನಕ ಬರ್ತಿತ್ತು. ಅವನಿಗೆ ಒಂದು ದಾರಿ ಹೊಳೀತು. ಯಾವ ಬಾಯಿಂದ ಬಂದ್ರೂ ‘ಬೇಡ’ ನಡೆಯುತ್ತೆ ಅಲ್ವಾ? ತನಗೆ ದನಿ ಇಲ್ಲದಿದ್ರೇನು, ಊರಿಗಿದೆಯಲ್ಲ! ಮನೆಮನೆಗೂ ಹೋಗಿ ಕೈಸನ್ನೆ ಮಾಡಿ, ಕಾಲು ಹಿಡಿದು, ಎಲ್ಲರನ್ನೂ ಬೇಲಿ ಹತ್ರ ಕರ್ಕೊಂಡು ಬಂದ. ಯಜಮಾನನೂ ಬಂದ. ಮಗೂನ ಎತ್ತಿ ಎಲ್ಲರಿಗೂ ತೋರಿಸಿದ... ನೋಡಿ, ಇದು, ಇದನ್ನ ಕೇಳ್ತಿದಾಳೆ. ಬೇಲಿ ಕೇಳ್ತು. ಅಲ್ಲಿದ್ದೋರೆಲ್ಲರ ಗಂಟಲೂ ಚೆನ್ನಾಗಿತ್ತು. ಭಾನುವಾರ ಚರ್ಚಿನಲ್ಲಿ ಸೂರು ಹಾರೋ ಹಾಗೆ ಹಾಡಿದ್ರು. ಟೆರ್ಕೆಲ್ ಒಬ್ಬೊಬ್ಬರ ಮುಖ ನೋಡಿದ...

“ಯಾರೂ ಹೇಳಲಿಲ್ಲ.

“ಯಾಕೆ ಅಂತೀರಾ? ಹೇಳಿದೋರ ಕಡೆಗೆ ಬೇಲಿ ತಿರುಗಿದ್ರೆ ಅನ್ನೋ ಭಯ. ಎಲ್ಲರ ಮನೆಯಲ್ಲೂ ಮಕ್ಕಳಿದ್ವು. ಅದಿರ್ಲಿ, ಇನ್ನೊಂದು ಕಾರಣಾನೂ ಇದೆ. ಮೊದಲ ಸಲ ಸುಮ್ಮನಿರೋದು ಕಷ್ಟ ಕಣ್ರಪ್ಪಾ, ಬೆವರು ಬರುತ್ತೆ. ಎರಡನೇ ಸಲ ಬಾಯಿ ತಾನಾಗೇ ಮುಚ್ಚಿಕೊಳ್ಳುತ್ತೆ.

“ಬೆಳಿಗ್ಗೆ ಎದ್ದು ನೋಡಿದ್ರೆ ಹಾಸಿಗೆ ಖಾಲಿ, ಬಾಗಿಲಿಗೆ ಹಾಕಿದ ಅಗಳಿ ಹಾಕಿದ ಹಾಗೇ ಇದೆ. ಮಗು ಬೇಲಿಯೊಳಗೆ ಕೂತಿತ್ತು. ಸತ್ತಿತ್ತು ಅಂದ್ಕೊಂಡ್ರಾ? ಇಲ್ಲಪ್ಪ. ಕೊಂದ್ರೆ ನಾಲ್ಕು ದಿನದ ಅಳು, ಆಮೇಲೆ ಮುಗೀತು. ಮಗು ಯಾರನ್ನೋ ನೋಡಿ ನಗ್ತಾ ಇತ್ತು. ಮನೆಗೆ ಎತ್ಕೊಂಡು ಹೋದ್ರೆ, ಹೆತ್ತೋಳ ಮಡಿಲಲ್ಲೂ ಉಸಿರು ಕಟ್ಟೋ ಹಾಗೆ ಅಳು. ಮಾರನೇ ದಿನ ಮತ್ತೆ ಬೇಲಿಯಲ್ಲಿ. ಹಗ್ಗ ಕಟ್ಟಿ ನೋಡಿದ, ಬಾಗಿಲಿಗೆ ಅಡ್ಡ ಮಲಗಿ ನೋಡಿದ. ಕೊನೆಗೆ ಏನು ಮಾಡಿದ ಗೊತ್ತಾ? ದಾರಿ ಮುಚ್ಚಿ, ತಾನು ಕೆಡವಿದ ಮನೇನ ತನ್ನ ಕೈಯಾರೆ, ಅದೇ ಜಾಗದಲ್ಲಿ, ಒಂದೊಂದು ಕಲ್ಲಾಗಿ ಕಟ್ಟಿ ಮಗೂನ ಅಲ್ಲಿ ಬಿಟ್ಟ. ನೋಡ್ಕೊಳ್ಳೋಕೆ ಬಂದ ಹೆಂಗಸು ಒಂದು ತಿಂಗಳೂ ನಿಲ್ಲಲಿಲ್ಲ. ‘ನಾನು ಏಳೋಕೆ ಮುಂಚೇನೇ ಮಗೂಗೆ ಯಾರೋ ಜಡೆ ಹಾಕಿರ್ತಾರೆ’ ಅಂದ್ಳಂತೆ.

“ಟೆರ್ಕೆಲ್ ಸಾಯೋ ತನಕ ದಿನಾ ಸಂಜೆ ಬಂದು ಬೇಲಿಯ ಆಚೆ ನಿಲ್ತಿದ್ದ. ಹೂ ಇದ್ದಾಗ ದನಿ ಇರ್ತಿರಲಿಲ್ಲ. ಇಲ್ಲದಾಗ ಮಗಳ ಹೆಸರು ಹಿಡಿದು ಕೂಗ್ತಿದ್ದ. ಮಗಳು ಒಂದ್ಸಲ, ಒಂದೇ ಒಂದ್ಸಲ, ‘ಅಪ್ಪಾ’ ಅನ್ಲಿಲ್ಲ. ಅವಳಿಗೆ ಬಾಯಿರಲಿಲ್ವಾ? ಇತ್ತು. ಚೆನ್ನಾಗೇ ಇತ್ತು...” ಅಬೆಲೋನಜ್ಜಿ ಬಟ್ಟಲಿನ ತಳದ ಗಸಿ ನೋಡಿದಳು. “ಅಮ್ಮ ಬೇಡ ಅಂದಿದ್ಳು.”

ಈ ಕತೆಯನ್ನು ನಾನು ತುಂಡುತುಂಡಾಗಿ ಮೊದಲೂ ಕೇಳಿದ್ದೆ. ಮಗುವಿನ ಹೆಸರನ್ನು ಮಾತ್ರ ನನಗೆ ಯಾರೂ ಹೇಳಿರಲಿಲ್ಲ. ಇಪ್ಪತ್ತು ವರ್ಷದ ಹೊಸಬನಿಗೆ ಎಲ್ಲವನ್ನೂ ಹೇಳಲಾಗುತ್ತದೆಯೇ? ಥೋರ್ವಲನ ಕೈಯಲ್ಲಿ ಲೋಟ ತಿರುಗುವುದು ನಿಂತಿತ್ತು.

“ಅಮ್ಮನಿಗೆ ನಾನೊಬ್ಬಳೇ,” ಎಂದಳು ಅಜ್ಜಿ. “ನನಗೋ ವಯಸ್ಸಾಯ್ತು. ನಾನು ಹೋದ ಮೇಲೆ ಅವಳಿಗೆ ಯಾರಿದಾರೆ, ಬೇಲಿಗೆ ಯಾರಿದಾರೆ ಅಂತ ಇಷ್ಟು ದಿನ ಯೋಚನೆ ಇತ್ತು. ಇವತ್ತು ಬೆಳಿಗ್ಗೆ ಗರಗಸದ ಸದ್ದು ಕೇಳಿ ಓಡಿ ಬರೋಕೆ ಹೋದೆ... ಅಮ್ಮ ‘ಇರು’ ಅಂದ್ಳು. ‘ಕಡೀಲಿ. ಪದ್ಧತಿ ಪ್ರಕಾರ ಕೇಳಿದಾನೆ, ಪದ್ಧತಿ ಪ್ರಕಾರ ಮಾತು ಕೊಟ್ಟಿದಾನೆ’ ಅಂದ್ಳು.”

ಅವಳು ಎದ್ದು ನಿಂತು, ತಲೆವಸ್ತ್ರವನ್ನು ಗಲ್ಲದ ಕೆಳಗೆ ಬಿಗಿದು ಕಟ್ಟಿದಳು. ಹೊರಗೆ ಮಳೆ ಇಳಿಮುಖವಾಗಿತ್ತು. ತವರದ ಬೆಳಕು ಕಿಟಕಿಗಳಲ್ಲಿ ಹಾಗೇ ಇತ್ತು. ಯಾರ ಮುಖವೂ ಯಾರಿಗೂ ಕಾಣದಂತಿರಲಿಲ್ಲ.

“ಡಾಕ್ಟ್ರೇ, ನಿಮ್ಮದು ಬೆಳೆದ ಮೇಲೆ ಕೊಡ್ತೀರಾ?”

ಪ್ರೆಬೆನ್ ಕುರ್ಚಿ ಉರುಳಿಸಿಕೊಂಡು ಎದ್ದ. ಬಾಯಿ ತೆರೆದ. ಅಷ್ಟು ಅಗಲವಾಗಿ ತೆರೆದ ಬಾಯಿಗಳನ್ನು ಅವನೇ ಜೀವನದಲ್ಲಿ ಸಾವಿರಾರು ನೋಡಿರಬೇಕು. ಅದರಿಂದ ತಿದಿಯ ಗಾಳಿ ಬಂತು. ಅವನು ತಲೆ ಅಲ್ಲಾಡಿಸಿದ, ಕನ್ನಡಕ ಹಾರಿ ಬೀಳುವಷ್ಟು ಜೋರಾಗಿ ಅಲ್ಲಾಡಿಸಿದ, ಮೇಜು ಗುದ್ದಿದ.

“ತಲೆ ಗಾಳಿಗೂ ಅಲ್ಲಾಡುತ್ತೆ, ಮರೀ,” ಎಂದಳು ಅಬೆಲೋನಜ್ಜಿ.

ಆಗ ಅವನು ನಮ್ಮ ಕಡೆ ತಿರುಗಿದ. ಮೊದಲು ಕ್ನೂದನ ಕಡೆ. ಕ್ನೂದನ ದನಿ ಮೂರು ದೋಣಿಯಾಚೆಗೂ ಕೇಳುತ್ತದೆ. ಅವನು ತನ್ನ ರಬ್ಬರ್ ಬೂಟುಗಳನ್ನು, ಅವು ಯಾರದೋ ಎಂಬಂತೆ, ನೋಡಿಕೊಳ್ಳುತ್ತಿದ್ದ. ಥೋರ್ವಲ್ ಲೋಟವನ್ನು ಬೆಳಕಿಗೆ ಹಿಡಿದು ಅದರಲ್ಲಿ ಇಲ್ಲದ ಕಲೆಯೊಂದನ್ನು ಹುಡುಕುತ್ತಿದ್ದ. ಆಮೇಲೆ ಪ್ರೆಬೆನ್ ನನ್ನನ್ನು ನೋಡಿದ. ಓದಿದವನು, ಹೊರಗಿನಿಂದ ಬಂದವನು, ಇಂಥದ್ದನ್ನೆಲ್ಲ ನಂಬದವನು ಎಂಬ ಭರವಸೆಯಿಂದ ನೋಡಿದ. ನನ್ನ ಎಡಗಾಲಿನ ಬೂಟಿನ ಲೇಸು ಸಡಿಲವಾಗಿತ್ತು. ನಾನು ಬಗ್ಗಿ ಅದನ್ನು ಕಟ್ಟಿಕೊಂಡೆ. ಈ ದ್ವೀಪಕ್ಕೆ ನಾನು ಹೊಸಬನಲ್ಲ ಎಂದು ಆಗ ನನಗೆ ಗೊತ್ತಾಯಿತು.

ಅಜ್ಜಿ ಖಾಲಿ ಬುಟ್ಟಿ ಎತ್ತಿಕೊಂಡು ಬಾಗಿಲಿನ ಚಿಲುಕಕ್ಕೆ ಕೈಹಾಕಿದಳು. “ಅವಸರ ಏನಿಲ್ಲ. ಹುಟ್ಟಲಿ, ಬೆಳೀಲಿ, ನಡೆಯೋದು ಕಲೀಲಿ. ಅಮ್ಮನಿಗೆ ಕಾಯೋದು ಗೊತ್ತು.”

ಅಷ್ಟರಲ್ಲಿ ಮಹಡಿಯ ಕೋಣೆಯ ಬಾಗಿಲು ತೆರೆದ ಸದ್ದಾಯಿತು. ಹೂವಿನ ವಾಸನೆ ಮೆಟ್ಟಿಲಿನಿಂದ ಕೆಳಗಿಳಿದು ಬಂತು. ಮೇಲಿನಿಂದ ವಿಬೆಕೆಯ ನಿದ್ದೆ ತುಂಬಿದ ದನಿ:

“ಪ್ರೆಬೆನ್? ಈಗ ಇಲ್ಲೇ ಹೂಜಿ ಹತ್ರ ನಿಂತು ಏನೋ ಕೇಳಿದ್ಯಲ್ಲ... ಕೊಡ್ತೀಯಾ ಅಂತ. ಏನನ್ನ? ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ ಹೇಳು.”

ಅಬೆಲೋನಜ್ಜಿ ಬಾಗಿಲು ತೆಗೆದವಳು ಹೊಸ್ತಿಲಿನಿಂದ ಹಿಂದಿರುಗಿ ನೋಡಿದಳು.

“ಓಡಿ ಹೋಗಿ ಡಾಕ್ಟ್ರೇ,” ಎಂದಳು. “ಕೇಳಿದ್ದು ನೀವಲ್ಲ ಅಂತ ಹೇಳಿ ಬನ್ನಿ.”